ಪದ ಪರಿಚಯ: ಚಿಕಿತ್ಸಾ ನ್ಯಾಯಾಲಯ

ಮಾದಕ ವಸ್ತುವಿನ ಚಟಕ್ಕೆ ಸಿಲುಕಿ ಅಪರಾಧ ಎಸಗಿದವರನ್ನು ಸೆರೆಮನೆಗೆ ಕಳುಹಿಸುವ ಬದಲು ನ್ಯಾಯಾಧೀಶರ ಮೇಲ್ವಿಚಾರಣೆಯಲ್ಲೇ ಚಿಕಿತ್ಸೆಗೆ ಒಳಪಡಿಸುವ ಏರ್ಪಾಡನ್ನು ಚಿಕಿತ್ಸಾ ನ್ಯಾಯಾಲಯ ಎನ್ನುತ್ತಾರೆ. ಇಂಥ ಮೊದಲ ನ್ಯಾಯಾಲಯ 1989ರಲ್ಲಿ ಅಮೆರಿಕದ ಮಯಾಮಿಯಲ್ಲಿ ಆರಂಭವಾಯಿತು. ಮಲೆನಾಡಿನ ಊರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಕ್ಕೂ ಇದಕ್ಕೂ ಮುಖ್ಯವಾದ ಒಂದು ವ್ಯತ್ಯಾಸವಿದೆ: ಶಿಬಿರವನ್ನು ನಡುವೆಯೇ ಬಿಟ್ಟು ಹೋದವನನ್ನು ಕಾನೂನು ಪ್ರಶ್ನಿಸುವುದಿಲ್ಲ, ಇಲ್ಲಿ ಮಾತ್ರ ಪ್ರಕರಣ ತಲೆಯ ಮೇಲೆ ತೂಗುತ್ತಲೇ ಇರುತ್ತದೆ.

ಆರೋಪಿ ಒಂದೆರಡು ವಾರಕ್ಕೊಮ್ಮೆ ಅದೇ ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಅವರ ಮೇಜಿನ ಮೇಲೆ ಅವನ ಮೂತ್ರ ಪರೀಕ್ಷೆಯ ವರದಿ ಮತ್ತು ಆಪ್ತ ಸಮಾಲೋಚಕರ ಟಿಪ್ಪಣಿ ಇರುತ್ತವೆ. ಕೆಲಸ ಸಿಕ್ಕಿತೇ, ಮನೆಯಲ್ಲಿ ಹೇಗಿದ್ದೀಯ ಎಂದು ಅವರು ಹೆಸರು ಹಿಡಿದು ವಿಚಾರಿಸುತ್ತಾರೆ. ವರದಿ ಚೆನ್ನಾಗಿದ್ದರೆ ಎಲ್ಲರೆದುರು ಮೆಚ್ಚುತ್ತಾರೆ, ತಪ್ಪಿದರೆ ಹೆಚ್ಚುವರಿ ಹಾಜರಿಯನ್ನೋ ಕೆಲವು ದಿನಗಳ ಬಂಧನವನ್ನೋ ವಿಧಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಈ ವಿಧಾನದ ಜೀವಾಳ ಶಿಕ್ಷೆಯ ರಿಯಾಯಿತಿಯಲ್ಲ, ಬಿಡದೆ ವಿಚಾರಿಸುವ ಈ ಕ್ರಮವೇ.

ಇದರಿಂದ ಮರು ಅಪರಾಧ ತಗ್ಗುತ್ತದೆಯೇ? ನೂರೈವತ್ತಕ್ಕೂ ಹೆಚ್ಚು ಮೌಲ್ಯಮಾಪನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸಾಮಾನ್ಯ ಕ್ರಮದಲ್ಲಿ ಶೇ 50ರಷ್ಟು ಇರಬಹುದಾದ ಮರು ಅಪರಾಧದ ಪ್ರಮಾಣ ವಯಸ್ಕರ ನ್ಯಾಯಾಲಯಗಳಲ್ಲಿ ಶೇ 38ರ ಆಸುಪಾಸಿಗೆ ಇಳಿಯುತ್ತದೆ. ಬಾಲಾಪರಾಧಿಗಳಲ್ಲಿ ಇಳಿಕೆ ಕಡಿಮೆ. ಆದರೆ ಚಿಕಿತ್ಸೆ ಪೂರೈಸಿದವರನ್ನಷ್ಟೇ ಎಣಿಸಿ ಯಶಸ್ಸನ್ನು ಸಾರುವ ಅಂಕಿಗಳನ್ನು ನಂಬಬಾರದು. ಛಲವಿದ್ದವರೇ ಕೊನೆಯವರೆಗೆ ಉಳಿಯುವುದರಿಂದ, ನಡುವೆ ಬಿಟ್ಟವರನ್ನೂ ಲೆಕ್ಕಕ್ಕೆ ಹಿಡಿದಾಗಲೇ ನಿಜವಾದ ಫಲ ತಿಳಿಯುತ್ತದೆ.

ಮಾದಕ ವಸ್ತುಗಳಿಗೆ ಸಂಬಂಧಿಸಿದ ನಮ್ಮ ದೇಶದ ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆಯ 39ನೇ ಕಲಂನಲ್ಲಿ ಇದರ ಬೀಜವಿದೆ. ಮಾದಕ ವಸ್ತು ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾದ ವ್ಯಸನಿಯನ್ನು, ಅವನ ವಯಸ್ಸು, ನಡತೆ, ಆರೋಗ್ಯವನ್ನು ಪರಿಗಣಿಸಿ, ಅವನ ಒಪ್ಪಿಗೆಯ ಮೇರೆಗೆ, ಮುಚ್ಚಳಿಕೆ ಬರೆಸಿಕೊಂಡು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯಲು ನ್ಯಾಯಾಲಯ ಬಿಡುಗಡೆ ಮಾಡಬಹುದು. ಚಿಕಿತ್ಸೆಯ ಫಲಿತಾಂಶದ ವರದಿಯನ್ನು ಅವನು ಒಂದು ವರ್ಷದೊಳಗೆ ಒಪ್ಪಿಸಬೇಕು. ಆದರೆ ವಾರಗಳ ಅಂತರದಲ್ಲಿ ವಿಚಾರಿಸಬೇಕೆಂಬ ಕಡ್ಡಾಯ ಈ ಕಲಂನಲ್ಲಿಲ್ಲ. ಬಹಳಷ್ಟು ಮಂದಿ ಜಾರುವುದು ಆ ನಡುವಿನ ತಿಂಗಳುಗಳಲ್ಲೇ.

ಶಿವಮೊಗ್ಗ ಜಿಲ್ಲೆಯಲ್ಲಿ ಇಂಥದ್ದನ್ನು ರೂಪಿಸುವುದಾದರೆ ದೂರವನ್ನು ಮರೆಯುವಂತಿಲ್ಲ. ಹೊಸನಗರದ ಒಳಹಳ್ಳಿಯ ಕೊನೆಗಾರನೊಬ್ಬ (ಅಡಿಕೆ ಮರ ಹತ್ತಿ ಗೊನೆ ಇಳಿಸುವವ) ಅಡಿಕೆ ಕೊಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು, ಬಸ್ಸು ಹಿಡಿದು ಶಿವಮೊಗ್ಗದವರೆಗೆ ಪದೇ ಪದೇ ಬರಬೇಕೆಂದರೆ ಅವನು ಹಾಜರಿ ತಪ್ಪಿಸುವುದು ಖಂಡಿತ, ಅದು ಚಟದ ಲಕ್ಷಣವೆಂದು ದಾಖಲಾಗುವುದೂ ಖಂಡಿತ. ಹಾಜರಿ ಮತ್ತು ಪರೀಕ್ಷೆ ತಾಲ್ಲೂಕು ಮಟ್ಟದಲ್ಲೇ ಆಗುವಂತಿರಬೇಕು, ದಿನಾಂಕಗಳನ್ನು ಕೆಲಸದ ಹಂಗಾಮು ನೋಡಿ ಗೊತ್ತುಪಡಿಸಬೇಕು.