ವೆನ್‌ಫ್ಲಾನ್ ಮೂರು ದಿನಕ್ಕೆ ಬದಲಿಸಲೇಬೇಕಾ? ವಾರ್ಡಿನ ಒಂದು ಪ್ರಶ್ನೆ, ರಿಸರ್ಚಿನ ಉತ್ತರ

ಪ್ರಶ್ನೆ: ನಾನು ಬಿ.ಎಸ್ಸಿ ನರ್ಸಿಂಗ್ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದೇನೆ. ನಮ್ಮ ವಾರ್ಡಿನಲ್ಲಿ ವೆನ್‌ಫ್ಲಾನ್ (ಡ್ರಿಪ್ ಕೊಡಲು ನರಕ್ಕೆ, ಅಂದರೆ ರಕ್ತನಾಳಕ್ಕೆ, ಚುಚ್ಚಿಡುವ ಸಣ್ಣ ಕೊಳವೆ, ಕ್ಯಾನುಲಾ) ಹಾಕಿ 72 ಗಂಟೆ ಆಯಿತೆಂದರೆ, ಚೆನ್ನಾಗಿದ್ದರೂ ತೆಗೆದು ಬೇರೆ ಕಡೆ ಚುಚ್ಚಬೇಕು. ಯಾಕೆ ಅಂತ ಕೇಳಿದರೆ ಸೀನಿಯರ್ ಸಿಸ್ಟರ್‌ಗಳು "ಮೊದಲಿಂದಲೂ ಹೀಗೇ" ಅಂತಾರೆ. ಕಾಲೇಜಿನಲ್ಲಿ ಓದಿದ ನರ್ಸಿಂಗ್ ರಿಸರ್ಚ್, ಎವಿಡೆನ್ಸ್ ಬೇಸ್ಡ್ ಪ್ರಾಕ್ಟೀಸ್ ಎಲ್ಲ ಪರೀಕ್ಷೆಗೆ ಮಾತ್ರವಾ? ಡ್ಯೂಟಿಯಲ್ಲಿ ಅದರಿಂದ ಏನು ಉಪಯೋಗ?

ಉತ್ತರ: ಮೊದಲು ವೆನ್‌ಫ್ಲಾನ್ ವಿಷಯ ಮುಗಿಸೋಣ. ಮಿಕ್ಕಿದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ.

ಮೂರು ದಿನದ ನಿಯಮ ಸುಮ್ನೆ ಹುಟ್ಟಿದ್ದಲ್ಲ. ಕ್ಯಾನುಲಾ ಒಂದೇ ಕಡೆ ಜಾಸ್ತಿ ದಿನ ಇದ್ದರೆ ನರ ಊದಿಕೊಂಡು ಕೆಂಪಾಗುತ್ತದೆ, ಸೋಂಕು ರಕ್ತಕ್ಕೆ ಇಳಿಯುತ್ತದೆ ಎಂಬ ಭಯ ಅದರ ಹಿಂದಿತ್ತು. ಭಯಕ್ಕೆ ಕಾರಣವೂ ಇತ್ತು. ಆದರೆ ಚುಚ್ಚಿಸಿಕೊಳ್ಳುವವರ ಪಾಡೂ ಇದೆ ಅಲ್ವಾ? ಕೀಮೋ ಆಗಿ ನರಗಳೆಲ್ಲ ಗಟ್ಟಿಯಾದವರು, ಕೈಕಾಲು ಊದಿದ ಅಜ್ಜಿ. ನರ ಸಿಗದೆ ನಾಲ್ಕನೇ ಸಲ ಚುಚ್ಚುವಾಗ ಅವರ ಮುಖ ನೋಡುವವರು ನಾವೇ. ಚೆನ್ನಾಗಿ ಓಡುತ್ತಿರುವ ಲೈನನ್ನು ಗಡಿಯಾರ ನೋಡಿ ಕೀಳುವಾಗ ಕೈ ಹಿಂಜರಿಯದ ಸಿಸ್ಟರ್ ಯಾರೂ ಇಲ್ಲ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಈ ಹಿಂಜರಿಕೆಯನ್ನೇ ಪರೀಕ್ಷೆಗೆ ಹಚ್ಚಿದರು. ತಂಡದ ಮುಂದಾಳು ಕ್ಲೇರ್ ರಿಕಾರ್ಡ್, ಸ್ವತಃ ನರ್ಸ್. ಮೂರು ಆಸ್ಪತ್ರೆಗಳ 3,283 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂರನೇ ದಿನಕ್ಕೊಮ್ಮೆ ಬದಲಾವಣೆ. ಇನ್ನೊಂದಕ್ಕೆ, ನೋವು, ಊತ, ಕೆಂಪು ಅಥವಾ ಲೈನ್ ಕಟ್ಟಿಕೊಂಡಾಗ ಮಾತ್ರ. ಯಾರು ಯಾವ ಗುಂಪಿಗೆ ಎನ್ನುವುದು ಚೀಟಿ ಎತ್ತಿದ ಹಾಗೆ. ಈ ಚೀಟಿಯ ಮಹತ್ವ ಪುಸ್ತಕ ಓದುವಾಗ ತಲೆಗೆ ಹೋಗುವುದಿಲ್ಲ. ಆಯ್ಕೆ ನಮಗೇ ಬಿಟ್ಟರೆ ಏನು ಮಾಡುತ್ತೇವೆ ಯೋಚಿಸಿ. ದಪ್ಪ ನರದ ಯುವಕನನ್ನು "ಬಿಡು, ಇವನಿಗೆ ಏನೂ ಆಗಲ್ಲ" ಎಂದು ಒಂದು ಗುಂಪಿಗೆ ಹಾಕುತ್ತೇವೆ, ಅಜ್ಜಿಯನ್ನು ಇನ್ನೊಂದಕ್ಕೆ. ಕೊನೆಗೆ ಹೋಲಿಸುವುದು ಯುವಕರನ್ನೂ ಅಜ್ಜಿಯರನ್ನೂ ಆಗುತ್ತದೆಯೇ ಹೊರತು ಎರಡು ಪದ್ಧತಿಗಳನ್ನಲ್ಲ.

2012ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ನರ ಊದಿಕೊಂಡವರು ಈ ಗುಂಪಿನಲ್ಲಿ 114 ಜನ, ಆ ಗುಂಪಿನಲ್ಲೂ 114 ಜನ. ಎರಡೂ ಕಡೆ ಸುಮಾರು 7 ಶೇಕಡಾ. ಗಡಿಯಾರ ನೋಡಿ ಕಿತ್ತಿದ್ದರಿಂದ ಆ ಊತ ಕಡಿಮೆಯಾಗಲಿಲ್ಲ.

ಇದನ್ನು ಪ್ರಿಂಟ್ ತೆಗೆದು ನಾಳೆಯೇ ಇನ್‌ಚಾರ್ಜ್ ಮುಂದೆ ಹಿಡಿಯಬೇಡಿ. ಕಥೆ ಇನ್ನೂ ಇದೆ.

ಸ್ವಿಟ್ಜರ್‌ಲೆಂಡಿನ ಜಿನೀವಾದ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ಮೊದಲು 96 ಗಂಟೆಗೊಮ್ಮೆ ಬದಲಿಸುತ್ತಿದ್ದರು. 2018ರಲ್ಲಿ "ಅಗತ್ಯ ಬಿದ್ದಾಗ ಮಾತ್ರ" ಎಂಬ ಪದ್ಧತಿಗೆ ಹೋದರು. 4 ಲಕ್ಷಕ್ಕೂ ಹೆಚ್ಚು ಕ್ಯಾನುಲಾಗಳ ಲೆಕ್ಕ ಇಟ್ಟಿದ್ದರು. ಕ್ಯಾನುಲಾದಿಂದ ಬರುವ ರಕ್ತದ ಸೋಂಕು ಏರಿದ್ದು ಆ ಲೆಕ್ಕದಲ್ಲೇ ಕಂಡಿತು. 2019ರಲ್ಲಿ ಹಳೆಯ ಪದ್ಧತಿಗೆ ಮರಳಿದರು, ಸೋಂಕು ಇಳಿಯಿತು. 2021ರಲ್ಲಿ ಅದೂ ಪ್ರಕಟವಾಯಿತು.

ಹಾಗಾದರೆ ಯಾರು ಸರಿ? ರಕ್ತದ ಸೋಂಕು ಬಹಳ ಅಪರೂಪದ್ದು. ಅಪರೂಪದ್ದನ್ನು ಹಿಡಿಯಲು 3,283 ಜನ ಸಾಲದು. ಜೊತೆಗೆ ಅಧ್ಯಯನ ನಡೆಯುವಾಗ ಯಾರೋ ದಿನಾ ಬಂದು ಕ್ಯಾನುಲಾ ಜಾಗ ನೋಡುತ್ತಿರುತ್ತಾರೆ. ಮಾಮೂಲಿ ದಿನದಲ್ಲಿ ಆ ಕಣ್ಣು ಇರುವುದಿಲ್ಲ. ಇತ್ತ ಜಿನೀವಾದವರದ್ದು ಚೀಟಿ ಎತ್ತಿದ ಹೋಲಿಕೆಯಲ್ಲ, ಮೊದಲು ಮತ್ತು ಆಮೇಲೆ ಎಂಬ ಹೋಲಿಕೆ. ಆ ನಡುವೆ ಬೇರೆ ಏನಾದರೂ ಬದಲಾಗಿರಬಹುದು.

ನನ್ನ ಅಭಿಪ್ರಾಯ ಕೇಳಿದರೆ ಹೀಗೆ. ಪ್ರತಿ ಶಿಫ್ಟಿನಲ್ಲೂ ಕ್ಯಾನುಲಾ ಜಾಗ ನೋಡಿ ಬರೆದು, ಹ್ಯಾಂಡೋವರ್‌ನಲ್ಲಿ ಹೇಳುವ ವಾರ್ಡಿನಲ್ಲಿ, ಬೇಡವಾದ ಲೈನನ್ನು ಅದೇ ದಿನ ತೆಗೆಯುವ ಅಭ್ಯಾಸವೂ ಇದ್ದರೆ, 72 ಗಂಟೆಯ ಗಡಿಯನ್ನು ಸಡಿಲಿಸುವ ಮಾತು ಎತ್ತಬಹುದು. ನೈಟ್ ಡ್ಯೂಟಿಯಲ್ಲಿ ಅರವತ್ತು ಹಾಸಿಗೆಗೆ ಒಬ್ಬರೇ ಸಿಸ್ಟರ್ ಇರುವ ಕಡೆ ಹಳೆಯ ನಿಯಮವೇ ಕಾಪಾಡುತ್ತಿರಬಹುದು. ಏನೇ ಇರಲಿ, ನಿಯಮ ಬದಲಿಸುವುದು ಇನ್‌ಫೆಕ್ಷನ್ ಕಂಟ್ರೋಲ್ ಸಮಿತಿಯ ಕೆಲಸ. ಒಬ್ಬರೇ ತೀರ್ಮಾನ ಮಾಡುವುದಲ್ಲ.

ನೋಡಿ, ಇಷ್ಟು ಹೊತ್ತು ನಾವು ಮಾಡಿದ್ದೇ ಎವಿಡೆನ್ಸ್ ಬೇಸ್ಡ್ ಪ್ರಾಕ್ಟೀಸ್. ರಿಸರ್ಚ್ ಬೇರೆ, ಇದು ಬೇರೆ. ರಿಕಾರ್ಡ್ ತಂಡ ಮಾಡಿದ್ದು ರಿಸರ್ಚ್: ಯಾರಿಗೂ ಸರಿಯಾಗಿ ಗೊತ್ತಿಲ್ಲದ್ದನ್ನು ಕಂಡುಹಿಡಿಯುವುದು. ಅವರು ರಾಗಿ ಬೆಳೆದರು ಅನ್ನಿ. ಮುದ್ದೆ ಕಟ್ಟುವವರು ನೀವು. ಮುದ್ದೆ ಎಷ್ಟು ದೊಡ್ಡದಿರಬೇಕು ಎನ್ನುವುದು ತಿನ್ನುವವರ ಹೊಟ್ಟೆಗೆ ಬಿಟ್ಟದ್ದು. ವೈದ್ಯ ಡೇವಿಡ್ ಸ್ಯಾಕೆಟ್ ಮತ್ತು ಜೊತೆಗಾರರು 1996ರಲ್ಲಿ ಬರೆದ ಒಂದು ಚಿಕ್ಕ ಲೇಖನದಲ್ಲೂ ಇದನ್ನೇ ಹೇಳಿದರು: ಸಿಗುವ ಒಳ್ಳೆಯ ಪುರಾವೆ ಬೇಕು, ಕೈಯ ಅನುಭವ ಬೇಕು, ರೋಗಿಯ ಇಷ್ಟವೂ ಲೆಕ್ಕಕ್ಕೆ ಬರಬೇಕು. ಇಪ್ಪತ್ತು ವರ್ಷ ಸರ್ವೀಸ್ ಆದ ಸಿಸ್ಟರ್ ಹೇಳಿದ್ದೆಲ್ಲ ಹಳಸಲು ಎಂದು ಇದರ ಅರ್ಥವಲ್ಲ. ಯಾವ ನರ ನಿಲ್ಲುತ್ತದೆ, ಯಾವುದು ಒಡೆಯುತ್ತದೆ ಎಂದು ಬೆರಳಿಟ್ಟು ಹೇಳುವವರು ಅವರೇ.

ಅನುಭವ ಎಡವುವುದೂ ಉಂಟು. ನಾವು ಕಲಿಯುವಾಗ ಬ್ಯಾಕ್ ಕೇರ್ ಅಂದರೆ ಸ್ಪಿರಿಟ್ ಹಚ್ಚಿ, ಬೆನ್ನಿನ ಕೆಳಗೆ ಮೂಳೆ ಇರುವ ಕಡೆ ಚೆನ್ನಾಗಿ ಉಜ್ಜಿ, ಪೌಡರ್ ಹಾಕುವುದು. ರಕ್ತ ಓಡಾಡಲಿ, ಮಲಗಿದಲ್ಲೇ ಇರುವ ರೋಗಿಗೆ ಹುಣ್ಣಾಗದಿರಲಿ ಅಂತ. ಎಷ್ಟು ಶ್ರದ್ಧೆಯಿಂದ ಉಜ್ಜಿದೆವೋ! ಹುಣ್ಣಾಗುವ ಭಯ ಇರುವ ಚರ್ಮವನ್ನು ಉಜ್ಜಬೇಡಿ ಎಂದೇ ಇಂದಿನ ಮಾರ್ಗಸೂಚಿಗಳು ಹೇಳುತ್ತವೆ. ಒತ್ತಡ ಬೀಳುವ ಜಾಗಕ್ಕೆ ಬೇಕಾದದ್ದು ಬಿಡುವು, ಅಂದರೆ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುವುದು. ಡೊರೀನ್ ನಾರ್ಟನ್ ಎಂಬ ಬ್ರಿಟಿಷ್ ನರ್ಸ್ ವಯಸ್ಸಾದ ರೋಗಿಗಳ ಮೇಲಿನ ಅಧ್ಯಯನವನ್ನು 1962ರಲ್ಲೇ ಪ್ರಕಟಿಸಿದ್ದರು. ಯಾರಿಗೆ ಹುಣ್ಣಾಗಬಹುದು ಎಂದು ಮೊದಲೇ ಅಂದಾಜು ಮಾಡುವ ನಾರ್ಟನ್ ಸ್ಕೇಲ್ ಬಂದಿದ್ದು ಅಲ್ಲಿಂದಲೇ. ಆದರೂ ಸ್ಪಿರಿಟ್ ಬಾಟಲಿ ನಮ್ಮ ಟ್ರಾಲಿಯಿಂದ ಇಳಿಯಲು ಬಹಳ ಕಾಲ ಹಿಡಿಯಿತು.

ಇದೆಲ್ಲ ವಿದೇಶದ ಕಥೆ ಅನ್ನಬೇಡಿ. ಬೆಳಗಾವಿಗೆ ಬನ್ನಿ.

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಯಿತು. ಮನೆಯಲ್ಲೋ ಸಬ್‌ಸೆಂಟರ್‌ನಲ್ಲೋ ಹೆರಿಗೆಯಾಗುವಾಗ ಅತಿಯಾಗಿ ರಕ್ತ ಹೋದರೆ ಬಾಣಂತಿಯನ್ನು ದೊಡ್ಡ ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಕೈಮೀರುತ್ತದೆ. ರಕ್ತ ತಡೆಯಲು ಕೊಡುವ ಆಕ್ಸಿಟೋಸಿನ್‌ಗೆ ಸೂಜಿ ಬೇಕು, ತಂಪಾದ ಜಾಗ ಬೇಕು. ಮಿಸೊಪ್ರೊಸ್ಟಾಲ್ ಮಾತ್ರೆಗೆ ಎರಡೂ ಬೇಡ. ಆದರೆ ಹಳ್ಳಿಯಲ್ಲಿ ಎಎನ್‌ಎಂ (ಹೆರಿಗೆ ಮಾಡಿಸುವ ಆರೋಗ್ಯ ಸಹಾಯಕಿ) ಕೊಟ್ಟರೆ ಅದು ಕೆಲಸ ಮಾಡುತ್ತದಾ? 1,620 ಹೆರಿಗೆಗಳಲ್ಲಿ ನೋಡಿದರು. ಅರ್ಧದಷ್ಟು ಜನಕ್ಕೆ ಮಿಸೊಪ್ರೊಸ್ಟಾಲ್, ಉಳಿದವರಿಗೆ ನೋಡಲು ಅದೇ ಥರದ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಹೋಯಿತು ಎಂದು ಕೊಟ್ಟ ಎಎನ್‌ಎಂಗೂ ಗೊತ್ತಿರಲಿಲ್ಲ. ಅತಿರಕ್ತಸ್ರಾವ ಆದದ್ದು ಔಷಧವಿಲ್ಲದ ಗುಂಪಿನಲ್ಲಿ 100ಕ್ಕೆ 12 ಜನಕ್ಕೆ, ಮಿಸೊಪ್ರೊಸ್ಟಾಲ್ ಗುಂಪಿನಲ್ಲಿ 6.4. 18 ಜನಕ್ಕೆ ಮಾತ್ರೆ ಕೊಟ್ಟರೆ ಒಬ್ಬರ ಅತಿರಕ್ತಸ್ರಾವ ತಪ್ಪಿದ ಲೆಕ್ಕ. ಮಾತ್ರೆ ತೆಗೆದುಕೊಂಡವರಲ್ಲಿ ಚಳಿ ನಡುಕ, ಜ್ವರ ಜಾಸ್ತಿ ಇತ್ತು, ಬಂದು ಹೋಗುವಂಥದ್ದು. 2006ರಲ್ಲಿ ಇದೂ ಲ್ಯಾನ್ಸೆಟ್‌ನಲ್ಲೇ ಬಂತು. 2011ರಲ್ಲಿ ಅತಿರಕ್ತಸ್ರಾವ ತಡೆಯಲೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ ಮಿಸೊಪ್ರೊಸ್ಟಾಲ್ ಸೇರಿತು.

ಈ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಮಾತ್ರೆಯಲ್ಲ, ಪ್ಲಾಸ್ಟಿಕ್ ಚೀಲ. ಹೆರಿಗೆಯಾದ ಕೂಡಲೇ ತಾಯಿಯ ಕೆಳಗೆ ಹಾಸುವ ಹಾಳೆ, ಅದರ ತುದಿಯಲ್ಲಿ ಅಳತೆಯ ಗೆರೆ ಇರುವ ಚೀಲ. ರಕ್ತ ಅದರೊಳಗೆ ಇಳಿಯುತ್ತದೆ, ಎಷ್ಟು ಅಂತ ಗೆರೆ ನೋಡಿ ಓದುವುದು. ಅಷ್ಟೇ. ಕಣ್ಣಂದಾಜನ್ನೂ ಈ ಚೀಲದ ಅಳತೆಯನ್ನೂ ಬೆಳಗಾವಿಯಲ್ಲೇ ಹೋಲಿಸಿ ನೋಡಿದಾಗ ಕಣ್ಣಂದಾಜು ಸುಮಾರು ಮೂರನೇ ಒಂದು ಪಾಲು ಕಡಿಮೆ ಇತ್ತು. ಯೋಚಿಸಿ, ಲೇಬರ್ ರೂಮಿನಲ್ಲಿ ನುರಿತವರ ಕಣ್ಣು. ರಕ್ತ ಬಟ್ಟೆಗೆ ಹೀರಿಕೊಳ್ಳುತ್ತದೆ, ನೀರಿನ ಜೊತೆ ಬೆರೆಯುತ್ತದೆ, ದಿನಾ ನೋಡಿದ ಕಣ್ಣಿಗೆ "ಇದು ಮಾಮೂಲಿ" ಅನಿಸುತ್ತದೆ. ಅಳೆಯದೇ ಹೋಗಿದ್ದರೆ ಮಾತ್ರೆಯಿಂದ ಎಷ್ಟು ಉಪಯೋಗವಾಯಿತು ಎಂದು ನಂಬುವ ಹಾಗೆ ಹೇಳಲು ಆಗುತ್ತಿರಲಿಲ್ಲ.

ಅಂದಹಾಗೆ, ಲ್ಯಾಂಪ್ ಲೈಟಿಂಗ್ ದಿನ ದೀಪ ಹಿಡಿದು ಪ್ರತಿಜ್ಞೆ ಮಾಡಿದಿರಲ್ಲ, ಆ ದೀಪದ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಲೆಕ್ಕದ ಹೆಂಗಸೇ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ತಡೆಯಬಹುದಾದ ರೋಗಗಳಿಂದ ಸತ್ತರು ಎಂಬುದನ್ನು 1858ರಲ್ಲಿ ಬಣ್ಣದ ಚಿತ್ರ ಬರೆದು ತೋರಿಸಿದರು. ಕಾಲೇಜಿನ ಗೋಡೆಯ ಮೇಲೆ ದೀಪದ ಪಟ ಇರುತ್ತದೆ, ಆ ಲೆಕ್ಕದ ಪಟ ನಾನಂತೂ ಕಂಡಿಲ್ಲ.

ಎಂ.ಎಸ್ಸಿ ಮಾಡುವವರ ಡಿಸರ್ಟೇಶನ್ ಬಗ್ಗೆಯೂ ಒಂದು ಮಾತು, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಲೈಬ್ರರಿಯ ಕಪಾಟು ತೆಗೆದರೆ ಅದೇ ಶೀರ್ಷಿಕೆ: ಇಂಥ ವಿಷಯದ ಜ್ಞಾನದ ಮೇಲೆ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂನ ಪರಿಣಾಮ. ಪಾಠಕ್ಕೆ ಮೊದಲು ಪ್ರಶ್ನೆಪತ್ರಿಕೆ, ಪಾಠ ಆದ ವಾರಕ್ಕೆ ಮತ್ತದೇ ಪ್ರಶ್ನೆಪತ್ರಿಕೆ. ಅಂಕ ಜಾಸ್ತಿ ಬಂದೇ ಬರುತ್ತದೆ! ಆದರೆ ಕೈ ತೊಳೆಯುವುದರ ಬಗ್ಗೆ ಅಂಕ ಗಳಿಸಿದವರು ನಿಜಕ್ಕೂ ಕೈ ತೊಳೆದರಾ? ಸಿಂಕ್ ಪಕ್ಕ ನಿಂತು ನೋಡಿದವರು ಕಡಿಮೆ.

ಈಗ ನೀವು ಏನು ಮಾಡಬಹುದು? ಮೊದಲು ನಿಮ್ಮ "ಯಾಕೆ"ಯನ್ನು ಉತ್ತರ ಹುಡುಕಲು ಆಗುವಂಥ ಪ್ರಶ್ನೆ ಮಾಡಿ. ಪ್ರಶ್ನೆಯನ್ನು ನಾಲ್ಕು ಭಾಗ ಮಾಡುವ ಪಿಕೋ (PICO) ಅಂತ ಓದುವಾಗ ಬಾಯಿಪಾಠ ಮಾಡಿದಿರಲ್ಲ, ಅದು ಇದಕ್ಕೇ. ಯಾರಿಗೆ: ನಾಲ್ಕು ದಿನಕ್ಕಿಂತ ಹೆಚ್ಚು ಡ್ರಿಪ್ ಬೇಕಾದ ವಯಸ್ಕರಿಗೆ. ಏನು ಮಾಡಿದರೆ: ತೊಂದರೆ ಕಂಡಾಗ ಮಾತ್ರ ಕ್ಯಾನುಲಾ ಬದಲಿಸಿದರೆ. ಯಾವುದಕ್ಕೆ ಹೋಲಿಸಿ: 72 ಗಂಟೆಗೊಮ್ಮೆ ಬದಲಿಸುವುದಕ್ಕೆ. ಏನಾಗುತ್ತದೆ: ನರದ ಊತ, ರಕ್ತದ ಸೋಂಕು ಹೆಚ್ಚುತ್ತದಾ? ಆಮೇಲೆ ಹುಡುಕಿ. ಪಬ್‌ಮೆಡ್ ಎಂಬ ವೆಬ್‌ಸೈಟಿನಲ್ಲಿ ವೈದ್ಯಕೀಯ ಲೇಖನಗಳ ಸಾರಾಂಶ ದುಡ್ಡಿಲ್ಲದೆ ಸಿಗುತ್ತದೆ. ಒಂದೇ ಪ್ರಶ್ನೆಯ ಮೇಲೆ ನಡೆದ ಎಷ್ಟೋ ಅಧ್ಯಯನಗಳನ್ನು ಒಟ್ಟು ಮಾಡಿ ತೂಗಿ ನೋಡುವ ಕಾಕ್ರೇನ್‌ನವರು ಸಾಮಾನ್ಯರಿಗೂ ತಿಳಿಯುವ ಹಾಗೆ ಒಂದು ಸಾರಾಂಶ ಬರೆದಿರುತ್ತಾರೆ. ಮೊದಲು ಅದನ್ನೇ ಓದಿ. ಒಂದೇ ಅಧ್ಯಯನ ಓದಿ ಹಾರಾಡಿದರೆ ಏನಾಗುತ್ತದೆ ಎಂದು ಜಿನೀವಾ ಹೇಳಿದೆಯಲ್ಲ.

ಅದರ ಜೊತೆಗೆ ನಿಮ್ಮ ವಾರ್ಡಿನ ಲೆಕ್ಕವೂ ಬೇಕು. ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ, ಒಪ್ಪಿಗೆ ತೆಗೆದುಕೊಂಡು ಒಂದು ತಿಂಗಳು ಬರೆಯಿರಿ. ಇದು ನಡೆಯುತ್ತಿರುವ ಕೆಲಸದ ಲೆಕ್ಕವಷ್ಟೇ. ಚೀಟಿ ಎತ್ತಿ ರೋಗಿಗಳನ್ನು ಗುಂಪು ಮಾಡಲು ಹೊರಟರೆ ಅದು ರಿಸರ್ಚ್, ಆಗ ಎಥಿಕ್ಸ್ ಕಮಿಟಿಯ ಅನುಮತಿಯೂ ರೋಗಿಯ ಒಪ್ಪಿಗೆಯೂ ಬೇಕು. ಸದ್ಯಕ್ಕೆ ನೂರು ಪುಟದ ನೋಟ್‌ಬುಕ್ ಸಾಕು. ರೋಗಿಯ ಹೆಸರು ಬೇಡ. ಕ್ಯಾನುಲಾ ಹಾಕಿದ ದಿನ ಮತ್ತು ಹೊತ್ತು, ಯಾವ ಕೈ, ಯಾವ ಜಾಗ, ತೆಗೆದ ಹೊತ್ತು, ತೆಗೆದ ಕಾರಣ. ಕಾರಣದ ಕಾಲಂ ಸ್ವಲ್ಪ ಅಗಲ ಇಡಿ. "72 ಗಂಟೆ ಆಯಿತು" ಅಂತ ಎಷ್ಟು ಸಲ ಬರೆದಿರಿ, "ಊತ" ಅಂತ ಎಷ್ಟು ಸಲ, "ಡ್ರಿಪ್ ನಿಂತು ಎರಡು ದಿನವಾಗಿತ್ತು, ತೆಗೆಯಲು ಮರೆತಿತ್ತು" ಅಂತ ಎಷ್ಟು ಸಲ ಎಂದು ತಿಂಗಳ ಕೊನೆಗೆ ಎಣಿಸಿ. ಮೂರನೆಯದು ಜಾಸ್ತಿ ಬಂದರೆ 72 ಗಂಟೆಯ ಚರ್ಚೆ ಪಕ್ಕಕ್ಕಿಟ್ಟು, ಮೊದಲು ಆ ಮರೆವಿನ ಬಗ್ಗೆ ಇನ್‌ಚಾರ್ಜ್ ಸಿಸ್ಟರ್ ಜೊತೆ ಕೂತು ಮಾತಾಡಿ.