ಮೇಲ್‌ನಲ್ಲಿ ಕನ್ನಡ ಎಲ್ಲಾ ಪ್ರಶ್ನೆ ಗುರುತಾಗುತ್ತೆ, ಕನೆಕ್ಟರ್‌ನಲ್ಲಿ ಏನು ಬದಲಾಯಿಸ್ಬೇಕು?

ಪ್ರಶ್ನೆ: ಆಫೀಸಲ್ಲೇ ಇಟ್ಟಿರೋ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನ ಮೇಲ್ ಸಾಫ್ಟ್‌ವೇರ್) ಸರ್ವರ್ ನಮ್ದು. ಕೆಲವು ಮೇಲ್‌ನಲ್ಲಿ ಕನ್ನಡ ಚೆನ್ನಾಗಿ ಹೋಗುತ್ತೆ, ಕೆಲವದ್ರಲ್ಲಿ ಬರೀ ಪ್ರಶ್ನೆ ಗುರುತು. ಜಪಾನ್ ಕ್ಲೈಂಟ್‌ಗೂ ಇದೇ ಕಥೆ. ಸೆಂಡ್ ಕನೆಕ್ಟರ್‌ನಲ್ಲಿ ಭಾಷೆ ಸೆಟ್ಟಿಂಗ್ ಎಲ್ಲಿದೆ?

ಅಲ್ಲಿ ಇಲ್ಲ, ಹುಡುಕಿ ಸುಸ್ತಾಗ್ಬೇಡಿ. ಎಕ್ಸ್‌ಚೇಂಜ್ 5.5 ಕಾಲದಲ್ಲಿ ಹೊರಗೆ ಮೇಲ್ ಕಳಿಸೋ ಕನೆಕ್ಟರ್ ಒಳಗೇ ಕ್ಯಾರೆಕ್ಟರ್ ಸೆಟ್ (ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಅನ್ನೋ ಪಟ್ಟಿ) ಆಯ್ಕೆ ಇತ್ತು, ಅದಕ್ಕೇ ಹಳಬರು ಈಗ್ಲೂ ಕನೆಕ್ಟರ್ ನೋಡು ಅಂತಾರೆ. ಈಗ ಕನೆಕ್ಟರ್ ಮೇಲ್ ಯಾವ ದಾರೀಲಿ ಹೋಗ್ಬೇಕು ಅಂತ ನೋಡ್ಕೊಳುತ್ತೆ ಅಷ್ಟೇ, ಅಕ್ಷರದ ವಿಷ್ಯ ರಿಮೋಟ್ ಡೊಮೇನ್ (ಹೊರಗಿನ ಯಾವ ಡೊಮೇನ್‌ಗೆ ಮೇಲ್ ಯಾವ ರೂಪದಲ್ಲಿ ಹೋಗ್ಬೇಕು ಅನ್ನೋ ಸೆಟ್ಟಿಂಗ್) ಅನ್ನೋ ಕಡೆ ಇದೆ.

ಆದ್ರೆ ಅದಕ್ಕೆ ಕೈ ಹಾಕೋ ಮುಂಚೆ ಕೆಟ್ಟಿರೋ ಮೇಲನ್ನ ಸ್ವಲ್ಪ ಹತ್ರದಿಂದ ನೋಡಿ, ಯಾಕಂದ್ರೆ ಅದು ಹೇಗೆ ಕೆಟ್ಟಿದೆ ಅನ್ನೋದ್ರಲ್ಲೇ ಅರ್ಧ ಉತ್ತರ ಇರುತ್ತೆ. ಎಲ್ಲಾ ಭಾಷೆಯ ಅಕ್ಷರನೂ ಹಿಡಿಸೋ ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಕೋಡೂ (ಅಕ್ಷರ, ಗುಣಿತದ ಗುರುತು, ಹಲಂತಕ್ಕೆ ಕೊಟ್ಟ ಒಂದೊಂದು ಸಂಖ್ಯೆ) ಮೂರು ಬೈಟ್. 'ಕ' ಅನ್ನೋದನ್ನ ಆ ಕಡೆ ಸರ್ವರ್ರೋ ಆ್ಯಪ್ಪೋ ವಿಂಡೋಸ್-1252 (ಪಶ್ಚಿಮ ಯುರೋಪಿನ ಭಾಷೆಗಳ ಸೆಟ್) ಅಂತ ಓದಿದ್ರೆ ತಲೆ ಮೇಲೆ ಓರೆ ಗೆರೆ ಇರೋ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟ್ಟ 2, ಆಮೇಲೊಂದು ದಪ್ಪ ಚುಕ್ಕೆ ಕಾಣುತ್ತೆ. ಆ ಗೆರೆ ಇರೋ ಎ ಸಾಲು ತುಂಬಾ ಮತ್ತೆ ಮತ್ತೆ ಬಂದಿದ್ರೆ ಸಮಾಧಾನ ಮಾಡ್ಕೊಳ್ಳಿ, ಡೇಟಾ ಪೂರ್ತಿ ಇದೆ, ಇದು ಯಾವ ಸೆಟ್ ಅಂತ ಹೇಳೋ ಲೇಬಲ್ ಮಾತ್ರ ತಪ್ಪು. ಪ್ರಶ್ನೆ ಗುರುತು ಬಂದಿದ್ರೆ ಹಾಗಲ್ಲ, ದಾರೀಲಿ ಯಾರೋ ಕನ್ನಡನೇ ಇಲ್ಲದ ಸೆಟ್‌ಗೆ ಬದಲಾಯಿಸಿ ಮೂಲ ಅಕ್ಷರನ ಬಿಸಾಕಿ ಆಗಿದೆ, ಪಡೆದೋರು ಏನು ಮಾಡಿದ್ರೂ ವಾಪಸ್ ಬರಲ್ಲ.

ಈಗ ರಿಮೋಟ್ ಡೊಮೇನ್. ನಕ್ಷತ್ರ ಗುರುತಿನ (ಅಂದ್ರೆ ಎಲ್ಲಾ ಡೊಮೇನ್‌ಗೂ ಅನ್ವಯಿಸೋ) ಡಿಫಾಲ್ಟ್ ಒಂದು ಇರುತ್ತೆ, ಅದ್ರಲ್ಲಿ ಮೈಮ್‌ಗೆ (ಬೇರೆ ಬೇರೆ ಭಾಷೆ, ಫೈಲ್ ಎಲ್ಲಾ ಕಳಿಸೋಕಾಗೋ ಮೇಲ್ ರೂಪ) ಒಂದು, ಮೈಮ್ ಅಲ್ಲದ್ದಕ್ಕೆ ಒಂದು ಕ್ಯಾರೆಕ್ಟರ್ ಸೆಟ್. ಸಾಮಾನ್ಯವಾಗಿ ಎರಡೂ ಐಎಸ್ಒ-8859-1 ಅಂತ ಇರುತ್ತೆ, ಅದು ಪಶ್ಚಿಮ ಯುರೋಪಿನ ಭಾಷೆಗಳಿಗೆ ಮಾಡಿದ್ದು, ಕನ್ನಡದ ಒಂದು ಅಕ್ಷರನೂ ಅದ್ರಲ್ಲಿಲ್ಲ. ಪವರ್‌ಶೆಲ್‌ನಲ್ಲಿ ಸೆಟ್-ರಿಮೋಟ್‌ಡೊಮೇನ್ ಕಮಾಂಡ್ ಹಾಕಿ ಎರಡನ್ನೂ ಯುಟಿಎಫ್-8 ಮಾಡಿ. ಒಂದು ಮಾತು ಮಾತ್ರ ನೆನಪಿರ್ಲಿ: ಮೇಲ್‌ಗೆ ತನ್ನದೇ ಲೇಬಲ್ ಇಲ್ದಿದ್ರೆ ಮಾತ್ರ ಈ ಸೆಟ್ಟಿಂಗ್ ಕೆಲಸಕ್ಕೆ ಬರುತ್ತೆ, ಇರೋ ಲೇಬಲ್ಲನ್ನ ಇದು ಮುಟ್ಟಲ್ಲ.

ನಾನು ಹಿಂದೆ ಇದ್ದ ಒಂದು ಆಫೀಸಲ್ಲಿ ಸಂಬಳದ ಚೀಟಿ ಕನ್ನಡದಲ್ಲಿ ಕಳಿಸೋಣ ಅಂತ ಶುರು ಮಾಡಿದ್ವಿ, ಫ್ಯಾಕ್ಟರಿ ಕೆಲಸದವ್ರಿಗೆ ಕಡಿತ ಯಾವುದು ಭತ್ಯೆ ಯಾವುದು ಅಂತ ತಮ್ಮ ಭಾಷೇಲಿ ಗೊತ್ತಾಗ್ಲಿ ಅಂತ, ಮೊದಲನೇ ತಿಂಗಳೇ ಎಲ್ಲರಿಗೂ ಪ್ರಶ್ನೆ ಗುರುತು ಹೋಯ್ತು, ನಾನು ಎರಡು ದಿನ ಸರ್ವರ್ ತಡಕಾಡ್ದೆ. ಕೊನೆಗೆ ನೋಡಿದ್ರೆ ಸಂಬಳದ ಸಾಫ್ಟ್‌ವೇರ್ ಸರ್ವರ್‌ಗೆ ಕೊಡೋ ಮೊದಲೇ 8859-1ಗೆ ಬದಲಾಯಿಸ್ತಿತ್ತು. ಸರ್ವರ್ ಕೈಗೆ ಬಂದಿದ್ದೇ ಪ್ರಶ್ನೆ ಗುರುತು. ಹಾಗಾಗಿ ಸ್ಕ್ರಿಪ್ಟ್, ಇಆರ್‌ಪಿ (ಕಂಪನಿಯ ಲೆಕ್ಕ-ವ್ಯವಹಾರದ ಸಾಫ್ಟ್‌ವೇರ್), ಹಾಜರಿ ಸಾಫ್ಟ್‌ವೇರ್ ಕಡೆಯಿಂದ ಬರೋ ಮೇಲ್‌ನ ಅಲ್ಲೇ ಸರಿ ಮಾಡ್ಬೇಕು. ಔಟ್‌ಲುಕ್‌ನಲ್ಲೂ ಅಡ್ವಾನ್ಸ್ಡ್ ಆಯ್ಕೆಗಳಲ್ಲಿ ಹೊರಹೋಗೋ ಮೇಲ್‌ಗೆ ಯಾವ ಎನ್‌ಕೋಡಿಂಗ್ ಅಂತ ಇರುತ್ತೆ, ಅದನ್ನೂ ಯುಟಿಎಫ್-8 ಮಾಡ್ಸಿ.

ಜಪಾನ್ ವಿಷ್ಯ ಸ್ವಲ್ಪ ಬೇರೆ. ಅಲ್ಲಿ ಮೇಲ್‌ಗೆ ತುಂಬಾ ಕಾಲ ಐಎಸ್ಒ-2022-ಜೆಪಿ ಬಳಸಿದ್ರು, 1993ರಲ್ಲೇ ಅದರ ಆರ್‌ಎಫ್‌ಸಿ (ಇಂಟರ್ನೆಟ್‌ನ ತಾಂತ್ರಿಕ ದಾಖಲೆ) ಬಂತು. ಅದು ಏಳು ಬಿಟ್‌ನದ್ದು, ಎಸ್ಕೇಪ್ ಕ್ಯಾರೆಕ್ಟರ್ ಕೊಟ್ಟು 'ಇಲ್ಲಿಂದ ಕಾಂಜಿ (ಜಪಾನಿ ಅಕ್ಷರ), ಇಲ್ಲಿಂದ ಇಂಗ್ಲಿಷ್' ಅಂತ ಹೇಳುತ್ತೆ. ಮಧ್ಯದ ಗೇಟ್‌ವೇ (ಮೇಲನ್ನ ಮುಂದಕ್ಕೆ ದಾಟಿಸೋ ಸರ್ವರ್) ಆ ಎಸ್ಕೇಪನ್ನ ಕಿತ್ತು ಹಾಕಿದ್ರೆ ಡಾಲರ್ ಗುರುತು, ಅದರ ಪಕ್ಕ ಬಿ, ಆಮೇಲೆ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತೆ, ಆಗ ಆ ಗೇಟ್‌ವೇನೇ ಹಿಡೀಬೇಕು. ಕ್ಲೈಂಟ್ ಹತ್ರ ನಿಜವಾಗ್ಲೂ ಹಳೇ ಸಿಸ್ಟಮ್ ಇದ್ರೆ ಅವ್ರ ಡೊಮೇನ್‌ಗೆ ಮಾತ್ರ ಬೇರೆ ರಿಮೋಟ್ ಡೊಮೇನ್ ಮಾಡಿ ಈ ಸೆಟ್ ಕೊಡಿ. ನಕ್ಷತ್ರದ ಡಿಫಾಲ್ಟ್‌ಗೆ ಮಾತ್ರ ದಯವಿಟ್ಟು ಕೊಡ್ಬೇಡಿ, ಅದ್ರಲ್ಲೂ ಕನ್ನಡ ಇಲ್ಲ.

ಸಬ್ಜೆಕ್ಟ್ ಸಾಲು ಮಾತ್ರ ಕೆಡ್ತಿದ್ರೆ ಕಾರಣ ಇನ್ನೊಂದು. ಸಬ್ಜೆಕ್ಟ್‌ನಲ್ಲಿರೋ ಕನ್ನಡನ ಸಾದಾ ಇಂಗ್ಲಿಷ್ ಅಕ್ಷರ-ಅಂಕಿಗಳಾಗಿ ಬದಲಾಯಿಸಿ (ಎನ್‌ಕೋಡ್ ಮಾಡಿ) ತುಂಡು ತುಂಡಾಗಿ ಕಳಿಸ್ತಾರೆ, ಹಾಗೆ ಮಾಡಿದ ಒಂದೊಂದು ತುಂಡು 75 ಅಕ್ಷರ ದಾಟೋ ಹಾಗಿಲ್ಲ. 'ಸ್ತ್ರೀ' ಅನ್ನೋ ಒಂದೇ ಅಕ್ಷರಕ್ಕೆ ಆರು ಕೋಡ್, ಅಂದ್ರೆ 18 ಬೈಟ್, ಬೇಗ ತುಂಬಿಹೋಗುತ್ತೆ, ಕೆಲವು ಹಳೇ ಸ್ಕ್ರಿಪ್ಟ್‌ಗಳು ಬೈಟ್ ಲೆಕ್ಕ ಹಾಕಿ ಒಂದು ಕೋಡ್‌ನ ಮಧ್ಯಕ್ಕೇ ಕತ್ತರಿಸ್ತವೆ, ಆ ಜಾಗದಲ್ಲಿ ಕಪ್ಪು ವಜ್ರದ ಗುರುತು ಬರುತ್ತೆ. ಕೈಯಾರೆ ತುಂಡು ಮಾಡೋದು ಬಿಟ್ಟು ಒಳ್ಳೇ ಮೈಮ್ ಲೈಬ್ರರಿ ಬಳಸಿ.

ಇದೆಲ್ಲಾ ಆದ್ಮೇಲೆ ಹೊರಗಿನ ಒಂದು ಅಕೌಂಟ್‌ಗೆ ಔಟ್‌ಲುಕ್‌ನಿಂದ ಒಂದು, ಸಾಫ್ಟ್‌ವೇರ್‌ನಿಂದ ಒಂದು ಕಳಿಸಿ, ಎರಡರ ಸೋರ್ಸನ್ನೂ ತೆಗೆದು ಕಂಟೆಂಟ್-ಟೈಪ್ ಸಾಲು (ಆ ಲೇಬಲ್ ಇರೋದು ಇಲ್ಲೇ) ಅಕ್ಕಪಕ್ಕ ಇಟ್ಟು ನೋಡಿ. ಯಾವುದ್ರಲ್ಲಿ ಯುಟಿಎಫ್-8 ಅಂತ ಇಲ್ವೋ ಅದನ್ನ ಕಳಿಸಿದ ಕಡೆಯಿಂದ ಹುಡುಕೋಕೆ ಶುರು ಮಾಡಿ.