ಡಿಪಿಎಫ್ ದೀಪ ಹತ್ತಿದರೆ ಗ್ಯಾರೇಜಿಗೋ, ಹೆದ್ದಾರಿಗೋ?

ಪ್ರಶ್ನೆ: ನಮ್ಮದು ಬಿಎಸ್‌6 ಡೀಸೆಲ್ ಕಾರು. ಮೈಸೂರಿನ ಕುವೆಂಪುನಗರದಿಂದ ದೇವರಾಜ ಅರಸು ರಸ್ತೆಗೆ ಹೋಗಿಬರುವುದಷ್ಟೇ ಓಡಾಟ. ಈಗ ಡಿಪಿಎಫ್ (ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್) ದೀಪ ಹತ್ತಿದೆ. ಫಿಲ್ಟರ್ ಕೆಟ್ಟುಹೋಯಿತೇ?

ಉತ್ತರ: ಹೆಚ್ಚಾಗಿ ಕೆಟ್ಟಿರುವುದಿಲ್ಲ, ತುಂಬಿರುತ್ತದೆ. ಅದೊಂದೇ ದೀಪ ಹತ್ತಿದ್ದು ಪಿಕಪ್ ಮೊದಲಿನಂತೆಯೇ ಇದ್ದರೆ ಮೊದಲು ಹೆದ್ದಾರಿಗೆ ಹೋಗಿ.

ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಳ್ಳುವ ಈ ಫಿಲ್ಟರ್ ಅದನ್ನು ಆಗಾಗ ಸುಟ್ಟುಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆ ಬಿಸಿಗಾಗಿ ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಐದಾರು ಕಿ.ಮೀ. ಓಟದಲ್ಲಿ ಇಂಜಿನ್ ಕಾದು ಸುಡಲು ಶುರುವಾಗುವ ಹೊತ್ತಿಗೆ ಮನೆ ಬಂದಿರುತ್ತದೆ. ಕಾರು ಆಫ್ ಮಾಡಿದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಆ ಕೆಲಸ ಅರ್ಧಕ್ಕೇ ನಿಂತಿರಬಹುದು.

ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರಲಿ. ಕಡಿಮೆಯಿದ್ದರೆ ಹಲವು ಕಾರುಗಳು ಸುಡಲು ಶುರುವೇ ಮಾಡುವುದಿಲ್ಲ. ಬೆಳಿಗ್ಗೆ ಬೇಗ ಮಂಡ್ಯದ ಕಡೆ ಹೊರಡಿ. ವೇಗ 60ರಿಂದ 80, ನಾಲ್ಕನೇ ಗೇರ್, ಇಂಜಿನ್ 2,000 ಆರ್‌ಪಿಎಂಗಿಂತ ಕೆಳಗಿಳಿಯದಂತೆ 20 ನಿಮಿಷ, ನಿಲ್ಲಿಸದೆ. ಕೈಪಿಡಿಯಲ್ಲಿ ಬೇರೆ ಲೆಕ್ಕವಿದ್ದರೆ ಅದೇ ಸರಿ. ಸಾಮಾನ್ಯವಾಗಿ ಮಂಡ್ಯ ಬರುವಷ್ಟರಲ್ಲಿ ದೀಪ ಆರುತ್ತದೆ. ಮದ್ದೂರು ವಡೆಯ ಆಸೆಯಿದ್ದರೆ ಅದಾದ ಮೇಲೆ! ಹುರುಳಿ, ರಾಗಿ ಒಕ್ಕಣೆಗೆ ಹರಡಿದ ಹಳ್ಳಿ ರಸ್ತೆಗೆ ಮಾತ್ರ ಇಳಿಯಬೇಡಿ; ಕಾದ ಸೈಲೆನ್ಸರಿಗೆ ಒಣಸೊಪ್ಪು ಸಿಕ್ಕಿಕೊಂಡರೆ ಬೆಂಕಿ ಹೊತ್ತಬಹುದು. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ಗುರುಗುಟ್ಟಿಸಿದರೆ ಡೀಸೆಲ್ ದಂಡ, ಅಷ್ಟೆ.

ಇನ್ನೊಂದನ್ನು ಬಹಳ ಜನ ಗಮನಿಸುವುದಿಲ್ಲ. ಸುಡುವುದು ಪದೇ ಪದೇ ಅರ್ಧಕ್ಕೆ ನಿಂತರೆ ಆ ಹೆಚ್ಚುವರಿ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಇಂಜಿನ್ ಆಯಿಲಿಗೆ ಸೇರುತ್ತದೆ. ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ನೋಡಿ. ಆಯಿಲ್ ಕಡಿಮೆಯಾಗುವ ಬದಲು ಏರಿ ಮೇಲಿನ ಗೆರೆ ದಾಟಿದ್ದರೆ, ಸರ್ವೀಸ್ ದೂರವಿದ್ದರೂ ಬದಲಿಸಿ. ಹಾಕುವುದು ಕೈಪಿಡಿ ಹೇಳಿದ ಕಡಿಮೆ ಬೂದಿಯ ಆಯಿಲ್ ಆಗಿರಬೇಕು, ಎಷ್ಟೋ ಕಾರುಗಳಿಗೆ ಎಸಿಇಎ ಸಿ2 ಅಥವಾ ಸಿ3 (ಆಯಿಲ್ ಡಬ್ಬಿಯ ಮೇಲೆ ಬರೆದಿರುವ ದರ್ಜೆ). ಮಸಿ ಸುಟ್ಟುಹೋಗುತ್ತದೆ, ಆಯಿಲಿನ ಬೂದಿ ಫಿಲ್ಟರಿನಲ್ಲೇ ಉಳಿಯುತ್ತದೆ.

ದೀಪ ಮಿನುಗುತ್ತಿದ್ದರೆ, ಇಂಜಿನ್ ದೀಪವೂ ಜೊತೆಗೂಡಿದರೆ, ಪಿಕಪ್ ಬಿದ್ದುಹೋದರೆ ಹೆದ್ದಾರಿ ಬೇಡ, ಗ್ಯಾರೇಜೇ. ಸ್ಕ್ಯಾನರ್ ಜೋಡಿಸಿ ಅಲ್ಲೇ ಸುಡಿಸುತ್ತಾರೆ. ಹೊಸ ಫಿಲ್ಟರೇ ಬೇಕೆಂದರೆ ಒಪ್ಪುವ ಮುಂಚೆ ಒತ್ತಡ ಅಳೆಯುವ ಸೆನ್ಸರ್, ಇಜಿಆರ್ ವಾಲ್ವ್ (ಒಂದಿಷ್ಟು ಹೊಗೆಯನ್ನು ಇಂಜಿನ್ನಿಗೆ ಮರಳಿಸುವ ಕವಾಟ), ಇಂಜೆಕ್ಟರ್‌ಗಳನ್ನು ಪರೀಕ್ಷಿಸಲು ಹೇಳಿ. ಸೆನ್ಸರಿನ ಸಣ್ಣ ಪೈಪು ಸೀಳಿದ್ದರೂ ಇದೇ ದೀಪ ಹತ್ತಬಹುದು.